ಉಳಿಕೆಯನ್ನು ಎಸೆಯದ ವಿಜ್ಞಾನಿ: ವಿಲಿಯಂ ರಾಮ್ಸೆ, ಗಾಳಿ ಮತ್ತು ‘ಇತರೆ’ ಎಂಬ ಕಾಲಂ

ಗಾಳಿಯಲ್ಲಿ ನೂರಕ್ಕೆ ಹತ್ತಿರಹತ್ತಿರ ಒಂದು ಪಾಲು ಆರ್ಗಾನ್ ಎಂಬ ಅನಿಲ ಇದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆಯಲ್ಲಿ ಸುಮಾರು 260 ಲೀಟರ್. ಅಂದರೆ ನೀರು ತುಂಬಿಡುವ ದೊಡ್ಡ ಬ್ಯಾರಲ್ ಒಂದು ತುಂಬಿ ಮಿಕ್ಕುವಷ್ಟು. ಅದೇ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಹನ್ನೆರಡು ಲೀಟರ್ ಮಾತ್ರ. ಆದರೆ ಈ ಹನ್ನೆರಡು ಲೀಟರಿನ ಅನಿಲ ವಿಜ್ಞಾನಕ್ಕೆ ಹದಿನೆಂಟನೇ ಶತಮಾನದಲ್ಲೇ ಗೊತ್ತಿತ್ತು. 260 ಲೀಟರಿನದು ಗೊತ್ತಾಗಿದ್ದು 1894ರಲ್ಲಿ!

ಯಾಕೆ ಹೀಗೆ? ಇಂಗಾಲದ ಡೈಆಕ್ಸೈಡ್ ಸುಣ್ಣದ ತಿಳಿನೀರನ್ನು ಬೆಳ್ಳಗೆ ಮಾಡುತ್ತದೆ, ಬೆಂಕಿ ಆರಿಸುತ್ತದೆ, ತಾನಿದ್ದೇನೆ ಅಂತ ಹೇಳುತ್ತದೆ. ಆರ್ಗಾನ್ ಏನೂ ಮಾಡುವುದಿಲ್ಲ. ಯಾರ ಜೊತೆಗೂ ಸೇರುವುದಿಲ್ಲ, ಸುಡುವುದಿಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಗಲಾಟೆ ಮಾಡದೇ ಇದ್ದದ್ದನ್ನು ಪಟ್ಟಿ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ಸಾರಜನಕದ ಖಾತೆಗೆ ಜಮಾ ಮಾಡಿ ಕೈತೊಳೆದುಕೊಂಡಿದ್ದರು.

ಆ ಖಾತೆಯನ್ನು ತೆರೆದು ನೋಡಿದವರಲ್ಲಿ ಮುಖ್ಯರು ಸ್ಕಾಟ್ಲೆಂಡಿನ ವಿಲಿಯಂ ರಾಮ್ಸೆ. ಬೆಳಗಾವಿ ಜಿಲ್ಲೆಯ ಹೂಲಿಯಲ್ಲಿ ಸಂಜೆ ಹೊತ್ತು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು, ದ್ರವ್ಯದ ವರ್ಗೀಕರಣದ ಪಾಠ ಬಂದಾಗಲೆಲ್ಲ ಇವರ ಕತೆ ಹೇಳುತ್ತೇನೆ. ಪಾಠದಲ್ಲಿ ವರ್ಗೀಕರಣ ಅಂದರೆ ಬಾಯಿಪಾಠ ಮಾಡುವ ಒಂದು ಚಿತ್ರ: ದ್ರವ್ಯ, ಅದರ ಕೆಳಗೆ ಶುದ್ಧ ವಸ್ತು ಮತ್ತು ಮಿಶ್ರಣ, ಶುದ್ಧ ವಸ್ತುವಿನ ಕೆಳಗೆ ಧಾತು ಮತ್ತು ಸಂಯುಕ್ತ. ಬಾಣದ ಗುರುತು ಹಾಕಿ ಬರೆದರೆ ಮಾರ್ಕ್ಸ್ ಬರುತ್ತೆ. ಆದರೆ ವರ್ಗೀಕರಣ ಅನ್ನೋದು ಮುಗಿದುಹೋದ ಚಿತ್ರ ಅಲ್ಲ. ಅದು ಒಂದು ಜಗಳ. ಆ ಜಗಳವನ್ನು ಪ್ರಾಮಾಣಿಕವಾಗಿ ಆಡುವುದು ಹೇಗೆ ಎಂಬುದು ರಾಮ್ಸೆ ಬದುಕಿನಲ್ಲಿದೆ. ಜಾತಿ ಗಣತಿ, ಸಮೀಕ್ಷೆ, ಪೌರತ್ವದ ಪಟ್ಟಿ ಅಂತ ದಿನಾ ವಾದಿಸುವ ನಮಗೆ ಅದು ಗೊತ್ತಿರಬೇಕು.

ಶುದ್ಧ ಅಂದರೇನು?

ಕತೆಗೆ ಹೋಗುವ ಮೊದಲು ಒಂದು ಪದವನ್ನು ಸರಿ ಮಾಡಿಕೊಳ್ಳೋಣ. ಸವದತ್ತಿ ಯಲ್ಲಮ್ಮನ ಗುಡ್ಡದ ಭಂಡಾರ ಭಕ್ತರಿಗೆ ಪವಿತ್ರ. ರಸಾಯನಶಾಸ್ತ್ರಕ್ಕೆ ಅದು ಮಿಶ್ರಣ: ಅರಿಸಿನದ ಪಿಷ್ಟ, ನಾರು, ಎಣ್ಣೆ, ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್. ಮಲಪ್ರಭೆಯ ನೀರು ಕುಡಿಯಲು ಎಷ್ಟೇ ಚೆನ್ನಾಗಿರಲಿ, ಅದೂ ಮಿಶ್ರಣ. ಅದರಲ್ಲಿ ಲವಣ ಇದೆ, ಕರಗಿದ ಗಾಳಿ ಇದೆ. ಹಾಗೆ ಕರಗಿದ ಆಮ್ಲಜನಕ ಇರುವುದರಿಂದಲೇ ಅಲ್ಲಿ ಮೀನು ಬದುಕಿದೆ. ಹೂಲಿ ಗುಡ್ಡದ ಮರಳುಗಲ್ಲನ್ನು ಒಡೆದು ನೋಡಿದರೆ ಕಣಕಣ ಬೇರೆ ಕಾಣುತ್ತದೆ. ಅದು ಏಕರೂಪವಲ್ಲದ ಮಿಶ್ರಣ.

ರಸಾಯನಶಾಸ್ತ್ರದಲ್ಲಿ ‘ಶುದ್ಧ’ ಅಂದರೆ ಒಂದೇ ಬಗೆಯ ಕಣಗಳಿಂದಾದದ್ದು, ಅಷ್ಟೇ. ಅದು ಹೊಗಳಿಕೆ ಅಲ್ಲ. ಸಯನೈಡ್ ಕೂಡ ಶುದ್ಧವಾಗಿರಬಹುದು. ನಮ್ಮ ರಕ್ತ, ಹಾಲು, ಮಣ್ಣು, ಗಾಳಿ ಎಲ್ಲವೂ ಮಿಶ್ರಣ. ಬದುಕು ನಡೆಯುವುದು ಮಿಶ್ರಣಗಳಲ್ಲೇ. ಶುದ್ಧ ರಕ್ತದ ಬಗ್ಗೆ ಭಾಷಣ ಮಾಡುವವರಿಗೆ ಈ ಪಾಠ ಒಮ್ಮೆ ಕೇಳಿಸಬೇಕು ಅನಿಸುತ್ತದೆ.

ಒಂದು ವಸ್ತು ಯಾವ ಗುಂಪಿಗೆ ಸೇರುತ್ತದೆ ಎಂದು ತೀರ್ಮಾನಿಸುವುದು ಅದರ ಹುಟ್ಟಿನಿಂದಲ್ಲ, ಗುಣಗಳಿಂದ. ಸಾಂದ್ರತೆ, ಕುದಿಯುವ ಬಿಂದು, ಬಣ್ಣ ಇವು ಭೌತಿಕ ಗುಣಗಳು; ವಸ್ತುವನ್ನು ಬದಲಿಸದೇ ಅಳೆಯಬಹುದು. ಬೇರೊಂದರ ಜೊತೆ ಸೇರಿ ಏನಾಗುತ್ತದೆ ಅನ್ನೋದು ರಾಸಾಯನಿಕ ಗುಣ. ಎಲ್ಲಿಂದ ತಂದ ನೀರಾದರೂ ಸರಿ, ಶುದ್ಧವಾಗಿದ್ದರೆ ಅದರ ಸಾಂದ್ರತೆ ಒಂದೇ, ಕುದಿಯುವ ಬಿಂದು ಒಂದೇ. ಈ ಸರಳ ನಿಯಮವೇ ಮುಂದೆ ದೊಡ್ಡ ತಲೆನೋವಾಯಿತು.

ಗ್ಲಾಸ್ಗೋದ ಹುಡುಗ, ಜಮಖಂಡಿಯ ಗ್ರಹಣ

ರಾಮ್ಸೆ ಹುಟ್ಟಿದ್ದು 1852ರ ಅಕ್ಟೋಬರ್ 2ರಂದು, ಗ್ಲಾಸ್ಗೋದಲ್ಲಿ. ತಂದೆ ಸಿವಿಲ್ ಎಂಜಿನಿಯರ್. ಹುಡುಗನಿದ್ದಾಗ ಫುಟ್ಬಾಲ್ ಆಡುವಾಗ ಕಾಲು ಮುರಿಯಿತು. ಮಲಗಿದ್ದಲ್ಲೇ ಒಂದು ರಸಾಯನಶಾಸ್ತ್ರದ ಪುಸ್ತಕ ತರಿಸಿಕೊಂಡು ಓದಿದರು. ಉದ್ದೇಶ ಜ್ಞಾನಾರ್ಜನೆ ಅಲ್ಲ, ಪಟಾಕಿ ಮಾಡುವುದು! ಅಲ್ಲಿಂದ ಶುರುವಾದ ಹುಚ್ಚು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದವರೆಗೆ ಕರೆದುಕೊಂಡು ಹೋಯಿತು. 1872ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಹೊತ್ತಿಗೆ, ಪಿಎಚ್‌ಡಿ ಬಂತು. ಗಾಜನ್ನು ಊದಿ ತಮಗೆ ಬೇಕಾದ ನಳಿಕೆ, ಬುರುಡೆಗಳನ್ನು ತಾವೇ ಮಾಡಿಕೊಳ್ಳುವ ಕೈಚಳಕ ಅವರಿಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಅವರು ಹಿಡಿದ ಅನಿಲಗಳು ಕೆಲವು ಸಲ ಒಂದು ಗುಳ್ಳೆಯಷ್ಟೇ ಇದ್ದವು. ಅಷ್ಟನ್ನು ಸೋರದಂತೆ ಹಿಡಿಯಲು ತಲೆ ಮಾತ್ರ ಸಾಲದು, ಕೈ ಕೂಡ ಬೇಕು.

ರಾಮ್ಸೆ ಹದಿನೈದು ವರ್ಷದ ಹುಡುಗನಾಗಿದ್ದಾಗ, 1868ರ ಆಗಸ್ಟ್ 18ರಂದು, ನಮ್ಮ ಸೀಮೆಯ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಆಗ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಸರ್ವೇ ಅಧಿಕಾರಿ ರೋಹಿತದರ್ಶಕ ಇಟ್ಟುಕೊಂಡು ಕಾದಿದ್ದ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಆತ. ವಿಜಯಪುರದಲ್ಲಿ ಇನ್ನೊಂದು ತಂಡ, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮತ್ತು ಬ್ರಿಟಿಷರ ಮತ್ತೊಂದು ತಂಡ. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ಬೆಳಕನ್ನು ಒಡೆದು ನೋಡಿದಾಗ ಬಿಡಿಬಿಡಿ ಗೆರೆಗಳು ಕಂಡವು. ಉರಿಯುವ ಅನಿಲಕ್ಕೆ ಅದರದೇ ಬಣ್ಣದ ಗೆರೆಗಳಿರುತ್ತವೆ, ಬೆರಳಚ್ಚು ಇದ್ದಹಾಗೆ. ಹಾಗಾಗಿ ಜ್ವಾಲೆಗಳು ಅನಿಲ ಎಂದು ಗೊತ್ತಾಯಿತು. ಅವುಗಳಲ್ಲಿ ಹಳದಿ-ಕಿತ್ತಳೆಯ ಒಂದು ಗೆರೆಯನ್ನು ಮೊದಲು ಸೋಡಿಯಂನದ್ದೇ ಇರಬೇಕು ಅಂದುಕೊಂಡರು.

ಅದು ಸೋಡಿಯಂನ ಗೆರೆಯ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ ಎಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಅಳೆದು ತೋರಿಸಿದ. ಭೂಮಿಯ ಮೇಲೆ ಯಾರೂ ಕಾಣದ ಧಾತು ಅದು ಎಂಬ ಊಹೆಯಿಂದ, ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂತು. ಬಹಳಷ್ಟು ರಸಾಯನಶಾಸ್ತ್ರಜ್ಞರು ಇದನ್ನು ನಂಬಲಿಲ್ಲ. ಪಟ್ಟಿಗೆ ಹೊಂದದ ಆ ಗೆರೆ 27 ವರ್ಷ ಹಾಗೇ ಉಳಿಯಿತು.

ಆರು ಮಿಲಿಗ್ರಾಂ

ಈ ನಡುವೆ ರಾಮ್ಸೆ 1880ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ರೊಫೆಸರ್ ಆದರು, ಮರುವರ್ಷ ಅಲ್ಲಿನ ಕಾಲೇಜಿನ ಪ್ರಿನ್ಸಿಪಾಲ್. 1887ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು. ದ್ರವಗಳ ಆವಿ, ಕುದಿಯುವ ಬಿಂದು, ಸಾಂದ್ರತೆ ಅಳೆಯುವುದರಲ್ಲಿ ಪಳಗಿದರು. ಹೆಣ್ಣುಮಕ್ಕಳಿಗೆ ಪ್ರಯೋಗಾಲಯದ ಬಾಗಿಲು ತೆರೆಯದ ಕಾಲದಲ್ಲಿ ಎಮಿಲಿ ಆಸ್ಟನ್ ಎಂಬ ಸಂಶೋಧಕಿ ಅವರ ಜೊತೆ ಕೆಲಸ ಮಾಡಿ, ಜೊತೆಯಾಗಿಯೇ ಪ್ರಬಂಧ ಪ್ರಕಟಿಸಿದರು.

ಅತ್ತ ಲಾರ್ಡ್ ರೇಲೀ ಎಂಬ ಭೌತಶಾಸ್ತ್ರಜ್ಞರಿಗೆ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ. ಗಾಳಿಯಿಂದ ಆಮ್ಲಜನಕ, ತೇವ, ಇಂಗಾಲದ ಡೈಆಕ್ಸೈಡ್ ಎಲ್ಲ ತೆಗೆದಮೇಲೆ ಉಳಿಯುವ ‘ಸಾರಜನಕ’ ಲೀಟರಿಗೆ ಸುಮಾರು 1.257 ಗ್ರಾಂ ತೂಗುತ್ತಿತ್ತು. ಅಮೋನಿಯಾದಂಥ ಸಂಯುಕ್ತಗಳಿಂದ ತೆಗೆದ ಸಾರಜನಕ 1.251 ಗ್ರಾಂ. ವ್ಯತ್ಯಾಸ ಆರು ಮಿಲಿಗ್ರಾಂ, ಸಾವಿರಕ್ಕೆ ಐದರಷ್ಟು. ಬೇರೆಯವರಾದರೆ ತಕ್ಕಡಿ ಸರಿ ಇಲ್ಲ ಅಂತ ಬಿಟ್ಟುಬಿಡುತ್ತಿದ್ದರು. ರೇಲೀ ಬಿಡಲಿಲ್ಲ. 1892ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದು, ಇದಕ್ಕೆ ಕಾರಣ ಗೊತ್ತಿದ್ದವರು ಹೇಳಿ ಎಂದು ಕೇಳಿದರು. ಒಂದೇ ಶುದ್ಧ ವಸ್ತುವಿಗೆ ಎರಡು ಸಾಂದ್ರತೆ ಇರಲು ಸಾಧ್ಯವಿಲ್ಲ. ಹಾಗಾದರೆ ಎರಡರಲ್ಲಿ ಒಂದು ಶುದ್ಧವಲ್ಲ. ಯಾವುದು?

1894ರ ಏಪ್ರಿಲ್‌ನಲ್ಲಿ ರೇಲೀ ಉಪನ್ಯಾಸ ಕೇಳಿದ ರಾಮ್ಸೆ, ಭಾರವಿರುವ ಗಾಳಿಯ ಸಾರಜನಕದಲ್ಲೇ ಏನೋ ಅಡಗಿದೆ ಎಂದು ಊಹಿಸಿದರು. ಅವರ ವಿಧಾನ ಸರಳ. ಕಾಯಿಸಿದ ಮೆಗ್ನೀಸಿಯಂ ಲೋಹ ಸಾರಜನಕದ ಜೊತೆ ಸೇರಿ ಘನ ಸಂಯುಕ್ತವಾಗುತ್ತದೆ. ಗಾಳಿಯ ಸಾರಜನಕವನ್ನು ಅದರ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಪ್ರಮಾಣ ಕಡಿಮೆಯಾಗುತ್ತಾ ಹೋಯಿತು, ಉಳಿದದ್ದರ ಸಾಂದ್ರತೆ ಏರುತ್ತಾ ಹೋಯಿತು. ಜಲಜನಕವನ್ನು 1 ಎಂದು ಹಿಡಿದರೆ ಸಾರಜನಕ 14. ಉಳಿಕೆ 20ರ ಹತ್ತಿರ ಬಂದು ನಿಂತಿತು. ಮೆಗ್ನೀಸಿಯಂ ಅದನ್ನು ಮುಟ್ಟಲೇ ಇಲ್ಲ. ಅದರ ಬೆಳಕನ್ನು ಒಡೆದು ನೋಡಿದರೆ ಅದುವರೆಗೆ ಯಾವ ಧಾತುವಿನಲ್ಲೂ ಕಾಣದ ಗೆರೆಗಳು.

ಇದರಲ್ಲಿ ಒಂದು ನೋವಿನ ವಿಷಯವೂ ಇದೆ. 1785ರಲ್ಲೇ ಹೆನ್ರಿ ಕ್ಯಾವೆಂಡಿಶ್ ಗಾಳಿಯಲ್ಲಿ ವಿದ್ಯುತ್ ಕಿಡಿ ಹಾಯಿಸಿ ಸಾರಜನಕವನ್ನೆಲ್ಲ ಖಾಲಿ ಮಾಡಲು ನೋಡಿದ್ದ. ಕೊನೆಗೆ ಒಂದು ಗುಳ್ಳೆ ಉಳಿದಿತ್ತು, ಮೊದಲಿದ್ದ ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಲ್ಲ. ಆತ ಅದನ್ನು ಪ್ರಾಮಾಣಿಕವಾಗಿ ಬರೆದಿಟ್ಟ. ಓದಿದವರು ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ದಾಟಿಕೊಂಡು ಹೋದರು. ಆ ಗುಳ್ಳೆಯೇ ಆರ್ಗಾನ್.

ಪಟ್ಟಿಯಲ್ಲಿ ಜಾಗ ಇಲ್ಲ!

ಹೊಸ ಅನಿಲಕ್ಕೆ ಇಟ್ಟ ಹೆಸರಿನ ಗ್ರೀಕ್ ಅರ್ಥ ‘ಸೋಮಾರಿ’. ಹೆಸರಿಟ್ಟರೆ ಮುಗಿಯಲಿಲ್ಲ, ಅದನ್ನು ಎಲ್ಲಿ ಕೂರಿಸುವುದು? ಆ ಅನಿಲದಲ್ಲಿ ಶಬ್ದದ ವೇಗ ಅಳೆದು, ಅದರ ಕಣದಲ್ಲಿ ಒಂದೇ ಪರಮಾಣು ಇದೆ ಎಂದು ತೀರ್ಮಾನಿಸಿದರು. ಹಾಗಾದರೆ ಪರಮಾಣು ತೂಕ 40. ಮೆಂಡಲೀವ್ 1869ರಲ್ಲಿ ಮಾಡಿದ್ದ ಆವರ್ತಕ ಕೋಷ್ಟಕದಲ್ಲಿ ಆ ಸುತ್ತಿನಲ್ಲಿ ಪೊಟ್ಯಾಸಿಯಂ ಇದೆ, ಕ್ಯಾಲ್ಸಿಯಂ ಇದೆ, ಖಾಲಿ ಕುರ್ಚಿ ಇಲ್ಲ. ಹೊಸ ಧಾತುಗಳನ್ನು ಮೊದಲೇ ಊಹಿಸಿ ಹೆಸರಾದ ಮೆಂಡಲೀವರೇ ಇದನ್ನು ಒಪ್ಪಲಿಲ್ಲ. ಮೂರು ಪರಮಾಣುಗಳ ಸಾರಜನಕ ಇರಬೇಕು ಅಂದರು. ಕೋಷ್ಟಕ ಉಳಿಸಲು ವಸ್ತುವನ್ನೇ ಅನುಮಾನಿಸಿದರು.

ರಾಮ್ಸೆ ಇನ್ನಷ್ಟು ಪುರಾವೆ ಹುಡುಕಲು ಹೊರಟರು. ಕ್ಲೀವೈಟ್ ಎಂಬ ಯುರೇನಿಯಂ ಖನಿಜದಿಂದ ಒಂದು ಅನಿಲ ಬರುತ್ತದೆ, ಅಮೆರಿಕದ ಹಿಲ್ಲೆಬ್ರಾಂಡ್ ಅದನ್ನು ಸಾರಜನಕ ಅಂತ ಬರೆದಿದ್ದಾನೆ ಎಂದು ತಿಳಿಯಿತು. ಮತ್ತೆ ಅದೇ ಸಾರಜನಕದ ಖಾತೆ! ಕೆಲವೇ ಶಿಲಿಂಗ್ ಕೊಟ್ಟು ಖನಿಜ ತರಿಸಿ 1895ರ ಮಾರ್ಚ್‌ನಲ್ಲಿ ಕಾಯಿಸಿದರು. ರೋಹಿತದಲ್ಲಿ ಹೊಳೆಯುವ ಹಳದಿ ಗೆರೆ ಕಂಡಿತು, ಸೋಡಿಯಂನ ಪಕ್ಕ, ಆದರೆ ಸೋಡಿಯಂನದಲ್ಲ. ವಿಲಿಯಂ ಕ್ರೂಕ್ಸ್ ಅಳೆದು ಖಚಿತಪಡಿಸಿದ. 1868ರಲ್ಲಿ ಗ್ರಹಣದ ಸೂರ್ಯನಲ್ಲಿ ಕಂಡ ಗೆರೆಯೇ ಅದು. ಹೀಲಿಯಂ ಈಗ ಲಂಡನ್ನಿನ ಒಂದು ಗಾಜಿನ ನಳಿಕೆಯಲ್ಲಿತ್ತು.

ಒಂದು ಸೋಮಾರಿ ಇದ್ದರೆ ಅಪವಾದ, ಎರಡಿದ್ದರೆ ಕುಟುಂಬ. ಉಳಿದವರನ್ನು ಹುಡುಕಲು ರಾಮ್ಸೆ ತಮ್ಮ ಸಹಾಯಕ, ಇಪ್ಪತ್ತಾರರ ಮಾರಿಸ್ ಟ್ರಾವರ್ಸ್ ಜೊತೆ ಸೇರಿದರು. ಗಾಳಿಯನ್ನು ದ್ರವ ಮಾಡುವ ಯಂತ್ರ ಆಗಷ್ಟೇ ಬಂದಿತ್ತು. ಗಾಳಿ ಮಿಶ್ರಣ, ಸಂಯುಕ್ತವಲ್ಲ; ಅದರಲ್ಲಿನ ಪ್ರತಿ ಅನಿಲ ತನ್ನ ಗುಣ ಉಳಿಸಿಕೊಂಡಿದೆ. ಸಾರಜನಕ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ, ಆರ್ಗಾನ್ 186, ಆಮ್ಲಜನಕ 183. ಬಿಸಿ ಏರಿದಂತೆ ಒಂದೊಂದಾಗಿ ಎದ್ದುಹೋಗುತ್ತವೆ. 1898ರ ಮೇ ಕೊನೆಯಲ್ಲಿ ದ್ರವಗಾಳಿ ಹಾರಿಹೋಗಿ ತಳದಲ್ಲಿ ಸ್ವಲ್ಪ ಉಳಿದಾಗ, ಅದನ್ನು ಚೆಲ್ಲದೆ ಪರೀಕ್ಷಿಸಿದರು. ಅಲ್ಲಿ ಕ್ರಿಪ್ಟಾನ್ ಇತ್ತು, ಅಂದರೆ ‘ಅಡಗಿದ್ದದ್ದು’. ಜೂನ್‌ನಲ್ಲಿ, ಆರ್ಗಾನಿನ ಹಗುರ ಭಾಗದಲ್ಲಿ, ಕೆಂಪಗೆ ಧಗಧಗಿಸುವ ನಿಯಾನ್, ಅಂದರೆ ‘ಹೊಸದು’. ಈ ಹೆಸರಿನ ಎಳೆ ಕೊಟ್ಟದ್ದು ರಾಮ್ಸೆ ಅವರ ಚಿಕ್ಕ ವಯಸ್ಸಿನ ಮಗ. ಜುಲೈನಲ್ಲಿ ಕ್ರಿಪ್ಟಾನಿನ ಉಳಿಕೆಯಿಂದ ಕ್ಸೆನಾನ್, ಅಂದರೆ ‘ಪರಕೀಯ’. ಇದು ಗಾಳಿಯ ಕೋಟಿ ಪಾಲಿನಲ್ಲಿ ಒಂದಕ್ಕಿಂತಲೂ ಕಡಿಮೆ.

ಎರಡು ತಿಂಗಳಲ್ಲಿ ಮೂರು ಧಾತು. ಇನ್ನು ಕೋಷ್ಟಕ ಬಾಗಲೇಬೇಕಾಯಿತು. ಈ ಅನಿಲಗಳಿಗೆ ಒಂದು ಇಡೀ ಹೊಸ ಕಂಬಸಾಲನ್ನೇ ಸೇರಿಸಲಾಯಿತು. ಕೆಲ ವರ್ಷಗಳಲ್ಲಿ ಮೆಂಡಲೀವರೂ ಒಪ್ಪಿದರು. ಕೋಷ್ಟಕ ಬೀಳಲಿಲ್ಲ, ಗಟ್ಟಿಯಾಯಿತು. ಆದರೂ ಒಂದು ತೊಡಕು ಉಳಿದೇ ಇತ್ತು: 40 ತೂಕದ ಆರ್ಗಾನ್ 39ರ ಪೊಟ್ಯಾಸಿಯಂಗಿಂತ ಮುಂಚೆ ಹೇಗೆ ಬರುತ್ತದೆ? 1913ರಲ್ಲಿ ಮೋಸ್ಲಿ, ಸಾಲು ಹಚ್ಚಬೇಕಾದದ್ದು ತೂಕದಿಂದಲ್ಲ, ಪರಮಾಣು ಸಂಖ್ಯೆಯಿಂದ ಎಂದು ತೋರಿಸಿದಾಗ ಅದು ಬಗೆಹರಿಯಿತು. ಅಂದರೆ ಬದಲಾದದ್ದು ಸದಸ್ಯರು ಮಾತ್ರ ಅಲ್ಲ, ಮಾನದಂಡವೇ ಬದಲಾಯಿತು.

1901ರ ಚಳಿಗಾಲ: ಎರಡು ವರ್ಗೀಕರಣ

ಇಷ್ಟು ಹೆಸರಾದ ರಾಮ್ಸೆ 1900-01ರ ಚಳಿಗಾಲದಲ್ಲಿ ಇಂಡಿಯಾಕ್ಕೆ ಬಂದರು. ಜಮ್ಶೆಟ್‌ಜಿ ಟಾಟಾ ತಮ್ಮ ಆಸ್ತಿಯ ದೊಡ್ಡ ಪಾಲು ಕೊಟ್ಟು ಒಂದು ಸಂಶೋಧನಾ ಸಂಸ್ಥೆ ಕಟ್ಟಲು ಹೊರಟಿದ್ದರು. ವೈಸ್‌ರಾಯ್ ಕರ್ಜನ್‌ಗೆ ಅನುಮಾನ: ಇಂಥ ಸಂಸ್ಥೆಗೆ ಯೋಗ್ಯ ವಿದ್ಯಾರ್ಥಿಗಳು ಇಲ್ಲಿ ಸಿಗುತ್ತಾರಾ, ಕಲಿತವರಿಗೆ ಕೆಲಸ ಎಲ್ಲಿದೆ ಅಂತ. ಜಾಗ ಮತ್ತು ಸ್ವರೂಪ ಸೂಚಿಸಲು ರಾಮ್ಸೆ ಅವರನ್ನು ಕರೆಸಲಾಯಿತು. ಅವರು ದೇಶ ಸುತ್ತಿ ನೋಡಿ ಸೂಚಿಸಿದ ಊರು ಬೆಂಗಳೂರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1906ರಲ್ಲಿ ಮೊದಲ ನಿರ್ದೇಶಕರಾಗಿ ಬಂದವರು ಅದೇ ಮಾರಿಸ್ ಟ್ರಾವರ್ಸ್. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಅದೇ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ. ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಹಿಡಿದ ಎರಡು ಜೊತೆ ಕೈಗಳಲ್ಲಿ ಒಂದು ಬೆಂಗಳೂರಿನ ಈ ಸಂಸ್ಥೆಯನ್ನು ಕಟ್ಟಿತು.

ರಾಮ್ಸೆ ಇಲ್ಲಿ ಸುತ್ತುತ್ತಿದ್ದ ಅದೇ ತಿಂಗಳುಗಳಲ್ಲಿ ಅದೇ ಸರ್ಕಾರ ಇನ್ನೊಂದು ದೊಡ್ಡ ವರ್ಗೀಕರಣಕ್ಕೆ ಸಿದ್ಧತೆ ನಡೆಸಿತ್ತು: 1901ರ ಜನಗಣತಿ. ಅದರ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ. ಮೂಗಿನ ಅಗಲ-ಉದ್ದದ ಅನುಪಾತ ಅಳೆದು, ಮೂಗು ಅಗಲವಾದಷ್ಟೂ ಸಾಮಾಜಿಕ ಸ್ಥಾನ ಕೆಳಗೆ ಎಂಬ ‘ನಿಯಮ’ ಹೇಳಿದ ಮನುಷ್ಯ ಈತ. ಆ ಗಣತಿಯಲ್ಲಿ ಜಾತಿಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಬಿಟ್ಟು ಸಾಮಾಜಿಕ ಮೇಲು-ಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟರು. ದೇಶದ ಉದ್ದಗಲದಿಂದ ಜಾತಿ ಸಂಘಗಳ ಮನವಿಗಳು ಬಂದವು, ನಮ್ಮನ್ನು ಮೇಲೆ ಹಾಕಿ ಅಂತ.

ಎರಡೂ ಅಳತೆಗಳೇ, ಎರಡೂ ಕೋಷ್ಟಕಗಳೇ. ವ್ಯತ್ಯಾಸ ಎಲ್ಲಿದೆ? ರಾಮ್ಸೆ ಅಳತೆ ಕೋಷ್ಟಕಕ್ಕೆ ಹೊಂದದಿದ್ದಾಗ ಕೋಷ್ಟಕ ಬದಲಾಯಿತು. ರಿಸ್ಲಿಯ ಮೇಲು-ಕೀಳಿನ ಸಾಲು ಅಳತೆಗೆ ಮೊದಲೇ ಸಿದ್ಧವಾಗಿತ್ತು. ಅಳತೆ ಅದಕ್ಕೆ ಸಾಕ್ಷಿ ಹೇಳಲು ಬಂದದ್ದು. ಸಾಲಿಗೆ ಹೊಂದದ ಮೂಗುಗಳು ಅವನ ನಿಯಮವನ್ನು ಅಲುಗಾಡಿಸಲಿಲ್ಲ. ಒಂದು ವಿಜ್ಞಾನ, ಇನ್ನೊಂದು ವಿಜ್ಞಾನದ ವೇಷ. ವೇಷ ಹಾಕಿದವನ ಕೈಯಲ್ಲೂ ಉಪಕರಣ ಇರುತ್ತದೆ, ಅಂಕಿ ಇರುತ್ತದೆ. ಅದಕ್ಕೇ ಅಂಕಿ ನೋಡಿ ಮರುಳಾಗಬಾರದು. ಹೊಂದದಿರುವುದನ್ನು ಅವನು ಏನು ಮಾಡಿದ ಅಂತ ಕೇಳಬೇಕು.

ಈ ಪ್ರಶ್ನೆಯಿಂದ ವಿಜ್ಞಾನ ಸಂಸ್ಥೆಗಳೂ ಹೊರಗಿಲ್ಲ. ರಾಮ್ಸೆ ಜಾಗ ಸೂಚಿಸಿದ ಅದೇ ಬೆಂಗಳೂರಿನ ಸಂಸ್ಥೆಗೆ 1933ರಲ್ಲಿ ಮುಂಬಯಿಯಿಂದ ರಸಾಯನಶಾಸ್ತ್ರದ ಪದವಿ ಪಡೆದು ಬಂದ ಕಮಲಾ ಭಾಗವತ್‌ಗೆ, ಹೆಣ್ಣು ಎಂಬ ಕಾರಣಕ್ಕೆ, ನಿರ್ದೇಶಕ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದ್ದರು. ಆಕೆ ಪಟ್ಟು ಹಿಡಿದರು, ಷರತ್ತುಗಳ ಮೇಲೆ ಒಳಬಂದರು, ಮುಂದೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದು ಕಮಲಾ ಸೊಹೊನಿ ಎಂದು ಹೆಸರಾದರು. ಬೆಳಕಿನ ಗೆರೆಗಳಲ್ಲಿ ಯಾರೂ ಕಾಣದ್ದನ್ನು ಕಂಡು ನೊಬೆಲ್ ಪಡೆದ ರಾಮನ್‌ಗೆ ಎದುರು ನಿಂತ ವಿದ್ಯಾರ್ಥಿನಿಯ ಯೋಗ್ಯತೆ ಕಾಣಲಿಲ್ಲ. ಪ್ರಯೋಗಾಲಯದ ಪ್ರಾಮಾಣಿಕತೆ ತಾನಾಗಿಯೇ ಬಾಗಿಲವರೆಗೆ ಬರುವುದಿಲ್ಲ.

ಕೊನೆಯ ವರ್ಷಗಳು

1904ರಲ್ಲಿ ರಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು, ರೇಲೀಗೆ ಅದೇ ವರ್ಷ ಭೌತಶಾಸ್ತ್ರದ್ದು. ಅದಕ್ಕೂ ಮುಂಚೆ, 1903ರಲ್ಲಿ, ಫ್ರೆಡರಿಕ್ ಸಾಡಿ ಜೊತೆ ಸೇರಿ ರೇಡಿಯಂನಿಂದ ಹೀಲಿಯಂ ಹುಟ್ಟುವುದನ್ನು ತೋರಿಸಿದ್ದರು. ಧಾತು ಎಂದರೆ ಇನ್ನೊಂದಾಗಿ ಬದಲಾಗದ್ದು ಎಂಬ ನಂಬಿಕೆಯೇ ಅಲುಗಾಡಿತು.

ಅವರನ್ನು ದೇವರು ಮಾಡುವುದು ಬೇಡ. 1907ರಲ್ಲಿ, ರೇಡಿಯಂನ ಅನಿಲದ ಪ್ರಭಾವದಿಂದ ತಾಮ್ರ ಲಿಥಿಯಂ ಆಗುತ್ತದೆ ಎಂದು ಪ್ರಕಟಿಸಿದರು. ಮರುವರ್ಷ ಮೇರಿ ಕ್ಯೂರಿ ಮತ್ತು ಎಲೆನ್ ಗ್ಲೆಡಿಟ್ಶ್ ಪ್ಲಾಟಿನಂ ಪಾತ್ರೆಯಲ್ಲಿ ಅದೇ ಪ್ರಯೋಗ ಮಾಡಿದಾಗ ಲಿಥಿಯಂ ಬರಲಿಲ್ಲ. ಬೇರೆಯವರ ಸಾರಜನಕದಲ್ಲಿ ಕಲಬೆರಕೆ ಕಂಡವರಿಗೆ ತಮ್ಮ ಪ್ರಯೋಗದೊಳಗೆ ನುಸುಳಿದ್ದು ಕಾಣಲಿಲ್ಲ. ಮಹಾಯುದ್ಧ ಬಂದಾಗ, ತಮಗೆ ವಿದ್ಯೆ ಕೊಟ್ಟ ಜರ್ಮನಿಯ ವಿಜ್ಞಾನಿಗಳ ಮೇಲೆಯೇ ಕಟುವಾಗಿ ತಿರುಗಿಬಿದ್ದರು. ಇಡೀ ಒಂದು ಜನರನ್ನು ಒಂದೇ ಡಬ್ಬಿಗೆ ಹಾಕಿದರು. 1916ರ ಜುಲೈ 23ರಂದು ಮೂಗಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 63 ವರ್ಷ.

ಅವರ ಅನಿಲಗಳು ಇವತ್ತು ನಮ್ಮ ಸುತ್ತಲೇ ಇವೆ. ಆರ್ಗಾನ್ ಇಲ್ಲದೆ ವೆಲ್ಡಿಂಗ್ ಶಾಪ್‌ಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್, ಅಲ್ಯುಮಿನಿಯಂ ಕೆಲಸ ಸಾಗುವುದಿಲ್ಲ. ಕಾದ ಲೋಹಕ್ಕೆ ಗಾಳಿಯ ಆಮ್ಲಜನಕ ತಾಗದಂತೆ ಕಾಯುವುದು ಅದೇ. ಎಂಆರ್‌ಐ ಯಂತ್ರದ ಆಯಸ್ಕಾಂತವನ್ನು ತಣ್ಣಗಿಡುವುದು ದ್ರವ ಹೀಲಿಯಂ. ಏನೂ ಮಾಡದ ಗುಣವೇ ಅವುಗಳ ಉಪಯೋಗ.

ಸೋಮಾರಿಯೋ, ರಾಜನೋ?

ಹೆಸರಿನ ರಾಜಕಾರಣವನ್ನೂ ನೋಡಿ. ಈ ಅನಿಲಗಳನ್ನು ಮೊದಲು ಸೋಮಾರಿ ಅಂದರು, ಆಮೇಲೆ ಅಪರೂಪದ್ದು ಅಂದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಇಪ್ಪತ್ತು ಪಟ್ಟು ಹೆಚ್ಚಿರುವ ಆರ್ಗಾನ್ ಅದೆಂಥ ಅಪರೂಪ! ನಮ್ಮ ಪುಸ್ತಕಗಳಲ್ಲಿ ಜಡಾನಿಲ ಅಂತಲೂ ಇದೆ, ರಾಜಾನಿಲ ಅಂತಲೂ ಇದೆ. ಯಾರ ಜೊತೆಗೂ ಬೆರೆಯದವನು ಬಡವನಾದರೆ ಜಡ, ಸಿರಿವಂತನಾದರೆ ರಾಜ. ವಸ್ತು ಅದೇ, ಗುಣ ಅದೇ. ಕೊನೆಗೆ 1962ರಲ್ಲಿ ಕೆನಡಾದಲ್ಲಿ ನೀಲ್ ಬಾರ್ಟ್ಲೆಟ್ ಕ್ಸೆನಾನಿನ ಸಂಯುಕ್ತವನ್ನೇ ತಯಾರಿಸಿದರು. ಬೆರೆಯುವುದೇ ಇಲ್ಲ ಅಂದುಕೊಂಡಿದ್ದ ‘ಪರಕೀಯ’ ಬೆರೆಯಿತು.

ಹಾಗಂತ ಜನರನ್ನು ಧಾತುಗಳಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಧಾತುವಿಗೆ ತನ್ನನ್ನು ಯಾವ ಕಾಲಂನಲ್ಲಿ ಹಾಕಿದರು ಅನ್ನೋದು ಗೊತ್ತಿಲ್ಲ. ಮನುಷ್ಯರಿಗೆ ಗೊತ್ತು, ನೋವೂ ಆಗುತ್ತದೆ, ಹಕ್ಕೂ ತಪ್ಪುತ್ತದೆ. ಆರ್ಗಾನ್‌ನ ಗುಣ ಅದರೊಳಗೇ ಇದೆ. ಜಾತಿ ಹಾಗಲ್ಲ, ಅದು ಸಮಾಜ ಹೊರಿಸಿದ್ದು. ಆ ಹೊರೆ ಯಾರ ಹೆಗಲ ಮೇಲೆ ಎಷ್ಟಿದೆ ಅಂತ ತಿಳಿಯಲಿಕ್ಕೆ ಎಣಿಸಲೇಬೇಕು. ಕರ್ನಾಟಕದಲ್ಲಿ 2015ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಮನೆಮನೆ ಸಮೀಕ್ಷೆ ನಡೆಯಿತು. ಎಣಿಕೆಯೇ ಬೇಡ ಅನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ತೂಗದೇ ಇದ್ದಿದ್ದರೆ ಆರು ಮಿಲಿಗ್ರಾಂ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆರ್ಗಾನ್ ಇವತ್ತಿಗೂ ಸಾರಜನಕದ ನೆರಳಿನಲ್ಲೇ ಇರುತ್ತಿತ್ತು. ದೊಡ್ಡ ಹೆಸರಿನೊಳಗೆ ಕಳೆದುಹೋದ ಸಣ್ಣ ಸಮುದಾಯಗಳ ಗತಿಯೂ ಅದೇ.

ಆದರೆ ಎಣಿಸಿದರೆ ಸಾಲದು. ಯಾವ ಸಮೀಕ್ಷೆಯ ಕೊನೆಗೂ ‘ಇತರೆ’ ಎಂಬ ಒಂದು ಕಾಲಂ ಇರುತ್ತದೆ. ವಾದವೆಲ್ಲ ದೊಡ್ಡ ಕಾಲಂಗಳ ಶೇಕಡಾವಾರಿನ ಮೇಲೆ ನಡೆಯುತ್ತದೆ, ಈ ಕೊನೆಯದನ್ನು ಯಾರೂ ಓದುವುದಿಲ್ಲ. ಅಲ್ಲಿರುವವರು ಯಾರು, ಯಾಕೆ ಬೇರೆಲ್ಲೂ ಹೊಂದಲಿಲ್ಲ, ನಾವು ಹಾಕಿದ ಗೆರೆಯೇ ತಪ್ಪಿರಬಹುದಾ ಅಂತ ಕೇಳುವ ಸರ್ಕಾರ ಇದೆಯಾ? ಕೇಳುವ ವಿರೋಧ ಪಕ್ಷ? ಕೇಳುವ ನಾವು? ಕ್ಯಾವೆಂಡಿಶನ ಗುಳ್ಳೆ ನೂರು ವರ್ಷಕ್ಕೂ ಹೆಚ್ಚು ಕಾಲ ಪುಸ್ತಕದಲ್ಲೇ ಇತ್ತು, ಓದುವವರಿರಲಿಲ್ಲ. ಮುಂದಿನ ಸಲ ಯಾವುದೇ ಪಟ್ಟಿ ನಿಮ್ಮ ಕೈಗೆ ಬಂದಾಗ ತಳದಿಂದ ಓದಲು ಶುರುಮಾಡಿ.